ಬಿಟ್ಟುಕೊಟ್ಟ ರೌಂಡು

1997ರಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿ ಫೇಲಾಗಿ ಶಾಲೆ ಬಿಟ್ಟೆ. ಕಾರಣ ಬಡತನ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಕೇಳಿದವರು ‘ಅಯ್ಯೋ ಪಾಪ’ ಎಂದು ಮಾತನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು. ಬಡತನ ಇತ್ತು, ಸುಳ್ಳಲ್ಲ. ಆದರೆ ಅಮ್ಮ ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಶಂಕರಪುರದಿಂದ ಬರುವ ಮಲ್ಲಿಗೆ ಕಟ್ಟಿಯೇ ನನ್ನನ್ನು ಓದಿಸಲು ತಯಾರಿದ್ದರು. ನಾನು ಬಿಟ್ಟದ್ದು ಬೇರೆ ಕಾರಣಕ್ಕೆ. ಆ ವರ್ಷ ತಂಗಿ ಎಂಟನೆಯದು ಪಾಸಾಗಿದ್ದಳು. ನಾನು ಪುನಃ ಒಂಬತ್ತಕ್ಕೆ ಹೋದರೆ ಅವಳ ಜೊತೆ ಒಂದೇ ಕೋಣೆಯಲ್ಲಿ ಕುಳಿತುಕೊಳ್ಳಬೇಕಿತ್ತು. ಅದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

ಈ ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಮಾಡಿದ್ದಕ್ಕೂ ಬೇರು ಇಲ್ಲಿಯೇ ಉಂಟು.

ಉಡುಪಿಯಲ್ಲಿ ಒಂದು ಟಿವಿ ರಿಪೇರಿ ಅಂಗಡಿಗೆ ಸೇರಿ ಮೂರು ವರ್ಷ ಸೋಲ್ಡರಿಂಗ್ ಹೊಗೆ ಕುಡಿದೆ. ಕೆಲಸದ ವಿಷಯದಲ್ಲಿ ನನ್ನನ್ನು ಯಾರೂ ಬೈದದ್ದಿಲ್ಲ. ಬೈಯುವ ಹಾಗೆ ನಾನು ಕೆಲಸ ಮಾಡಿದ್ದಿಲ್ಲ. 2000ದಲ್ಲಿ ಮಣಿಪಾಲದ ಒಂದು ವಿಡಿಯೋ ಗೇಮ್ ಪಾರ್ಲರಿನವರು ಮೆಷಿನ್ ನೋಡಿಕೊಳ್ಳುವ ಜನ ಹುಡುಕುತ್ತಿದ್ದಾರೆಂದು ಗೊತ್ತಾಗಿ ಅಲ್ಲಿಗೆ ಹೋದೆ. ಧಣಿ ಗಲ್ಫಿನಿಂದ ವಾಪಸು ಬಂದವರು. ಆರು ಮೆಷಿನ್ ಹಾಕಿದ್ದರು. ಆಳೆತ್ತರದ ಮರದ ಪೆಟ್ಟಿಗೆ, ಒಳಗೆ ಟಿವಿ, ಎದುರು ಇಬ್ಬರಿಗೆ ಎರಡು ಜಾಯ್‌ಸ್ಟಿಕ್, ಒಬ್ಬೊಬ್ಬರಿಗೆ ಆರು ಬಟನ್. ಟೋಕನ್ ಹಾಕಿದರೆ ಆಟ. ಕಾಲೇಜು ಬಿಟ್ಟ ಕೂಡಲೇ ಹಾಸ್ಟೆಲಿನ ಹುಡುಗರು ಬಂದು ತುಂಬುತ್ತಿದ್ದರು. ಹಿಂದಿ, ಇಂಗ್ಲಿಷ್, ಮಲಯಾಳ ಎಲ್ಲ ಸೇರಿ ಒಂದು ಸಂತೆ.

ಅಲ್ಲಿ ನನಗಿಂತ ಮೊದಲೇ ಒಬ್ಬ ಇದ್ದ. ಗದಗದ ಕಡೆಯವನು, ನನಗಿಂತ ಏಳು ವರ್ಷ ದೊಡ್ಡವನು. ಸೆಂಟ್ರಿಂಗ್ ಕೆಲಸಕ್ಕೆಂದು ಊರಿನಿಂದ ಬಂದು, ಹಲಗೆ ಜಾರಿ ಮೊಣಕಾಲಿಗೆ ಪೆಟ್ಟಾದ ಮೇಲೆ ಪಾರ್ಲರಿನಲ್ಲಿ ಟೋಕನ್ ಕೊಡುವುದಕ್ಕೆ, ನೆಲ ಒರೆಸುವುದಕ್ಕೆ ನಿಂತಿದ್ದ. ಮೊದಲ ದಿನದಿಂದಲೇ ನಾನು ಅವನನ್ನು ಏಕವಚನದಲ್ಲಿ ಕರೆದೆ. ನಮ್ಮ ಕಡೆ ಘಟ್ಟದ ಮೇಲಿನಿಂದ ಕೂಲಿಗೆ ಬಂದವರನ್ನು ಹಾಗೆ ಕರೆಯುವುದು ರೂಢಿ. ರೂಢಿ ಎಂದ ಮಾತ್ರಕ್ಕೆ ತಪ್ಪು ತಪ್ಪಲ್ಲದೆ ಹೋಗುವುದಿಲ್ಲ ಎಂದು ತಿಳಿಯಲು ನನಗೆ ಎಷ್ಟೋ ವರ್ಷ ಬೇಕಾಯಿತು.

“ನಿನ್ನ ಕನ್ನಡ ಭಾರಿ ಚಂದ ಐತಿ ನೋಡು,” ಎಂದಿದ್ದ ಆ ಮೊದಲ ದಿನ. “ಸಾಲ್ಯಾಗ ಮಾಸ್ತರ ಪಾಠ ಓದಿಧಂಗ.”

“ನಮ್ಮದು ಮನೆಯಲ್ಲಿ ತುಳು ಮಾರಾಯ. ಕನ್ನಡ ಶಾಲೆಯಲ್ಲೇ ಕಲಿತದ್ದು.”

“ಎಷ್ಟನೇತ್ತ ಓದೀ?”

“ಒಂಬತ್ತು.”

“ನಂದು ನಾಕನೇತ್ತ. ಹಂಗಾರ ನೀನs ಮಾಸ್ತರ.”

ಅಂದಿನಿಂದ ನಾನು ಅವನ ಬಾಯಲ್ಲಿ ಮಾಸ್ತರನೇ. ಶಾಲೆಯಿಂದ ಓಡಿಬಂದವನಿಗೆ ಆ ಹೆಸರು ಚುಚ್ಚುತ್ತಿತ್ತು. ಆದರೆ ಅವನು ಚುಚ್ಚಲೆಂದು ಹೇಳುತ್ತಿರಲಿಲ್ಲ.

ಆರು ಮೆಷಿನ್‌ಗಳಲ್ಲಿ ಜನ ಮುಗಿಬೀಳುತ್ತಿದ್ದದ್ದು ಹೊಡೆದಾಟದ ಆಟಕ್ಕೆ. ಹನ್ನೆರಡು ಜನ ಫೈಟರುಗಳು. ನಮಗೆ ಬೇಕಾದವನನ್ನು ಆರಿಸಿಕೊಳ್ಳಬೇಕು. ಮೂರರಲ್ಲಿ ಎರಡು ರೌಂಡು ಗೆದ್ದವನು ಗೆದ್ದ. ಪರದೆಯ ಮೇಲ್ಗಡೆ ಇಬ್ಬರ ಜೀವದ ಪಟ್ಟಿ, ನಡುವೆ ಸಮಯ. ಸಮಯ ಮುಗಿದರೆ ಯಾರ ಜೀವ ಹೆಚ್ಚು ಉಳಿದಿದೆಯೋ ಅವನದು ರೌಂಡು. ಕೆಳಗಡೆ ಒಂದು ನೀಲಿ ಪಟ್ಟಿ. ಅದಕ್ಕೆ ಪವರ್ ಎನ್ನುತ್ತಿದ್ದೆವು. ಹೊಡೆದ ಹಾಗೆ ಅದು ತುಂಬುತ್ತದೆ, ತುಂಬಿದರೆ ಒಂದು ದೊಡ್ಡ ಹೊಡೆತ ಸಿಗುತ್ತದೆ. ಒಂದು ರೌಂಡಿನಲ್ಲಿ ತುಂಬಿದ್ದು ಮುಂದಿನ ರೌಂಡಿಗೂ ಉಳಿಯುತ್ತದೆ.

ಆ ಹನ್ನೆರಡರಲ್ಲಿ ಒಬ್ಬ ಬಿಳಿಗಡ್ಡದ, ಬೆನ್ನು ಬಾಗಿದ, ಕೋಲು ಹಿಡಿದ ಮುದುಕ. ಪಾರ್ಲರಿನಲ್ಲಿ ಅವನಿಗೆ ‘ಅಜ್ಜ’ ಎಂದೇ ಹೆಸರು. ಕೈ ಗಿಡ್ಡ, ನಡಿಗೆ ನಿಧಾನ, ಹೊಡೆತಕ್ಕೆ ಬಲವಿಲ್ಲ. ಬೇರೆಯವರ ಒಂದು ಒದೆತಕ್ಕೆ ಹೋಗುವಷ್ಟು ಜೀವ ಅಜ್ಜನ ಎರಡು ಒದೆತಕ್ಕೆ ಹೋಗುತ್ತಿತ್ತು. ಎದುರಾಳಿಯನ್ನು ಅವಮಾನ ಮಾಡಬೇಕಾದರೆ ಹುಡುಗರು ಅಜ್ಜನನ್ನು ಆರಿಸುತ್ತಿದ್ದರು.

ಬೆಳಿಗ್ಗೆ ಪಾರ್ಲರ್ ತೆರೆಯುವ ಮೊದಲು ಮೆಷಿನ್ ಪರೀಕ್ಷೆ ಮಾಡುವುದು ನನ್ನ ಕೆಲಸ. ಪರೀಕ್ಷೆ ಎಂದರೆ ಆಡುವುದೇ ಅಲ್ವಾ? ಎರಡನೆಯ ಜಾಯ್‌ಸ್ಟಿಕ್ ಹಿಡಿಯಲು ಗದಗದವನು ನಿಲ್ಲುತ್ತಿದ್ದ. ಒಂದು ವಾರ ನಾನು ಬಲಶಾಲಿಗಳನ್ನೇ ಆರಿಸಿ ಒಂದೇ ಸಮನೆ ಸೋತೆ. ಎಂಟನೆಯ ದಿನ ಅವನು ನನ್ನ ಜಾಯ್‌ಸ್ಟಿಕ್ಕಿಗೆ ಕೈ ಹಾಕಿ ಅಜ್ಜನ ಮೇಲೆ ತಂದು ನಿಲ್ಲಿಸಿದ.

“ಎಂತಕ್ಕೆ ಈ ಮುದಿಯ?”

“ನಿನಗ ಅವಸರ ಭಾಳ. ಬಲ ಇದ್ದಂವನ ಕೈಯಾಗ ಕೊಟ್ರ ನೀ ಬರೇ ಹೊಡೀತಿ, ನೋಡಂಗಿಲ್ಲ. ಅಜ್ಜನ ಕೂಡ ಇದ್ರ ನೋಡಾಕ ಬೇಕs ಬೇಕಾಕ್ಕೈತಿ.”

ಅಜ್ಜನ ಆಟವನ್ನು ನನಗೆ ಕಲಿಸಿದವನು ಅವನು. ಇದನ್ನೂ ನಾನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ.

ಕಲಿತದ್ದು ಇಷ್ಟು. ಅಜ್ಜನಲ್ಲಿ ಮೂರೇ ಆಸ್ತಿ. ಕುಕ್ಕರಗಾಲಲ್ಲಿ ಕುಳಿತು ಒದೆಯುವ ಒಂದು ಗಿಡ್ಡ ಒದೆತ. ಬಲ ಇಲ್ಲದಿದ್ದರೂ ಕಾಲು ಬೇಗ ವಾಪಸು ಬರುತ್ತದೆ. ಕೋಲಿನ ಒಂದು ನೂಕು. ನೋವಿಲ್ಲ, ಆದರೆ ಎದುರಿನವನು ದೂರ ಹೋಗಿ ಬೀಳುತ್ತಾನೆ. ಮೂರನೆಯದು ಅವನ ಕುಳ್ಳುತನ. ಅಜ್ಜ ಕುಳಿತರೆ ಎತ್ತರದ ಹೊಡೆತಗಳೆಲ್ಲ ತಲೆ ಮೇಲಿಂದ ಹೋಗುತ್ತವೆ. ಒಂದು ಕೊಟ್ಟು ಒಂದು ತಿನ್ನುವ ಲೆಕ್ಕ ಅವನಿಗೆ ಗಿಟ್ಟದು. ನಮ್ಮ ಒಂದಕ್ಕೆ ಅವರ ಒಂದು ಎಂದರೆ ನಾವು ಸೋತಂತೆ. ಆದ್ದರಿಂದ ಎದುರಿನವನ ಅತಿ ಉದ್ದದ ಒದೆತ ಎಲ್ಲಿಗೆ ಮುಗಿಯುತ್ತದೋ ಅದರಾಚೆ ಒಂದು ಬೆರಳು ದೂರದಲ್ಲಿ ನಿಲ್ಲಬೇಕು. ನಾನು ಪರದೆಯ ಮೇಲೆ ನಿಜವಾಗಿಯೂ ಬೆರಳಿಟ್ಟು ಅಳೆದು ಕಲಿತೆ. ಅವನ ಕಾಲು ಗಾಳಿಗೆ ಹೋಗಿ ಮರಳುವ ಮೊದಲು ಗಿಡ್ಡ ಒದೆತ. ಒಂದೇ. ಎರಡನೆಯದಕ್ಕೆ ಆಸೆಪಟ್ಟರೆ ಕೆಟ್ಟೆವು. ಒಂದು ಕೂದಲೆಳೆಯಷ್ಟು ಜೀವ ಹೆಚ್ಚಿದ್ದರೆ ಸಾಕು, ಮತ್ತೆ ಕುಳಿತುಬಿಡುವುದು. ಸಮಯ ಓಡುತ್ತಿದ್ದರೆ ಬಲ ಇದ್ದವನಿಗೆ ತಡೆಯುವುದಿಲ್ಲ. ಮುದುಕನಿಗೆ ಸೋಲುವುದೇ ಎಂದು ಮೈಮೇಲೆ ಬರುತ್ತಾನೆ. ಬಂದಾಗ ನೂಕು.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅವನು ಕೊನೆಗೆ ಹೇಳಿಕೊಟ್ಟ. ಬಿದ್ದವನು ಏಳುವಾಗ ಏನು ಮಾಡುತ್ತಾನೆ ನೋಡು ಎಂದ. ಪ್ರತಿಯೊಬ್ಬನಿಗೂ ಏಳುವಾಗ ಒಂದು ಚಟ ಇರುತ್ತದೆ. ಒಬ್ಬ ಏಳುತ್ತಲೇ ಒದೆಯುತ್ತಾನೆ, ಒಬ್ಬ ಅಡಗುತ್ತಾನೆ.

“ನಿನ್ನ ಚಟ ಎಂತ?” ಕೇಳಿದೆ.

“ನಂದಾ? ನಾ ಎದ್ದ ಕೂಡ್ಲೆ ಹಿಂದಕ್ಕ ಜಿಗೀತೀನಿ. ಎಷ್ಟ ಬಿಡಬೇಕಂದ್ರೂ ಬಿಡವಲ್ದು. ಹಲಗಿ ಮ್ಯಾಲಿಂದ ಬಿದ್ದಾಗಿಂದ ಹಂಗs,” ಎಂದು ನಕ್ಕ.

ಅಮ್ಮ ಮಲ್ಲಿಗೆ ಕಟ್ಟುವಾಗ ಕೈಯನ್ನು ನೋಡುವುದಿಲ್ಲ. ಯಾರ ಜೊತೆಗೋ ಮಾತಾಡುತ್ತ ಇರುತ್ತಾರೆ, ಬೆರಳು ತನ್ನಷ್ಟಕ್ಕೆ ನಡೆಯುತ್ತದೆ. ಆರು ತಿಂಗಳಲ್ಲಿ ನನಗೂ ಹಾಗಾಯಿತು. ಬಟನ್ ನೋಡುವುದು ಬಿಟ್ಟೆ, ಎದುರಿನವನ ಮುಖ ನೋಡತೊಡಗಿದೆ. ಸಂಜೆ ಹುಡುಗರ ಜೊತೆ ಆಡಲು ಧಣಿಯೇ ಹೇಳುತ್ತಿದ್ದರು, ಜನ ಸೇರುತ್ತಾರೆಂದು. ಇಂಜಿನಿಯರಿಂಗ್ ಓದುವವರು, ಡಾಕ್ಟರಿಕೆ ಓದುವವರು ನನ್ನ ಅಜ್ಜನ ಎದುರು ಸೋತು ಜಾಯ್‌ಸ್ಟಿಕ್ಕಿಗೆ ಗುದ್ದುತ್ತಿದ್ದರು. ಒಂಬತ್ತು ಫೇಲಾದವನಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ.

ಈಗ ನಮ್ಮ ಪಾರ್ಲರಿನ ಒಂದು ಪದ್ಧತಿ ಹೇಳಬೇಕು. ಯಾರು ಶುರುಮಾಡಿದರೋ ಗೊತ್ತಿಲ್ಲ, ಎಲ್ಲಿಯೂ ಬರೆದಿರಲಿಲ್ಲ. ಮೊದಲ ರೌಂಡನ್ನು ಸುಲಭವಾಗಿ ಗೆದ್ದವನು ಎರಡನೆಯದನ್ನು ಎದುರಿನವನಿಗೆ ಬಿಟ್ಟುಕೊಡುತ್ತಿದ್ದ. ಟೋಕನ್ ಹಾಕಿದವನು ಒಂದು ನಿಮಿಷಕ್ಕೇ ಎದ್ದು ಹೋಗಬಾರದಲ್ಲ. ಕೈ ಇಳಿಸಿ ನಿಂತು ಹೊಡೆಸಿಕೊಳ್ಳುವುದು, ಆಮೇಲೆ ಮೂರನೆಯದರಲ್ಲಿ ಸರಿಯಾಗಿ ಆಡುವುದು. ಇದಕ್ಕೆ ‘ರೌಂಡು ಬಿಡುವುದು’ ಎನ್ನುತ್ತಿದ್ದರು. ಅದಕ್ಕೆ ಇನ್ನೊಂದು ಅರ್ಧವೂ ಇತ್ತು. ರೌಂಡು ಪಡೆದವನು, ಹಾಗೆ ಪುಕ್ಕಟೆ ಹೊಡೆದು ತುಂಬಿಕೊಂಡ ಪವರನ್ನು ಆ ರೌಂಡು ಮುಗಿಯುವ ಮೊದಲು ಗಾಳಿಗೆ ಹೊಡೆದು ಖಾಲಿ ಮಾಡಬೇಕು. ‘ಪವರ್ ಚೆಲ್ಲುವುದು.’ ದಯೆಯಿಂದ ಬಂದದ್ದನ್ನು ದಯೆ ತೋರಿದವನ ಮೇಲೆಯೇ ಎತ್ತಬಾರದೆಂದು. ಹೊಸಬರಿಗೆ ಇದನ್ನು ಟೋಕನ್ ಕೊಡುವಾಗಲೇ ಅವನು ತನ್ನ ಹರಕು ಹಿಂದಿಯಲ್ಲಿ ಹೇಳಿಕೊಡುತ್ತಿದ್ದ. ಯಾರಾದರೂ ಚೆಲ್ಲದಿದ್ದರೆ ಅವರ ಜೊತೆ ಒಂದು ವಾರ ಯಾರೂ ಆಡುತ್ತಿರಲಿಲ್ಲ.

2002ರಲ್ಲಿ ಧಣಿ ನಿಟ್ಟೆಯಲ್ಲಿ ಇನ್ನೊಂದು ಪಾರ್ಲರ್ ಮಾಡಲು ಹೊರಟರು. ಅಲ್ಲಿಯೂ ಕಾಲೇಜು, ಹಾಸ್ಟೆಲು. ಅಂಗಡಿಯ ಹಿಂದೆ ಒಂದು ಕೋಣೆ, ಅಡುಗೆಗೆ ಒಂದು ಕಟ್ಟೆ, ಬಾವಿ. ನೋಡಿಕೊಳ್ಳಲು ನಮ್ಮಿಬ್ಬರಲ್ಲಿ ಒಬ್ಬ ಹೋಗಬೇಕು.

ಆ ಕೋಣೆಯ ಸುದ್ದಿ ಕೇಳಿದ ದಿನ ಅವನು ನೆಲ ಒರೆಸುವುದನ್ನು ನಿಲ್ಲಿಸಿ ಕೋಲಿಗೆ ಗದ್ದ ಊರಿ ನಿಂತುಬಿಟ್ಟ. ಅವನ ಹೆಂಡತಿ ಮತ್ತು ಎರಡು ವರ್ಷದ ಮಗಳು ಊರಲ್ಲಿದ್ದರು. ಇವನು ಮಣಿಪಾಲದಲ್ಲಿ ಕಟ್ಟಡದ ಕೆಲಸದವರ ತಗಡಿನ ಶೆಡ್ಡಿನಲ್ಲಿ ಆರು ಜನರ ಜೊತೆ ಮಲಗುತ್ತಿದ್ದ.

“ಮಾಸ್ತರ, ಆ ಖೋಲಿ ಸಿಕ್ರ ಅಕೀನ್ನ ಕರಕೊಂಡ ಬರ್ತೀನಿ. ಮಗಳು ನನ್ನ ಗುರ್ತs ಹಿಡಿಯಂಗಿಲ್ಲ. ಹ್ವಾದ ಸಲ ಹೋದ್ರ ಮಾಮಾ ಅಂತು.”

ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ. ನನಗೆ ಕಾಪುವಿನಲ್ಲಿ ಮನೆಯಿತ್ತು, ಅಮ್ಮ ಮಾಡಿದ ಗಂಜಿಯಿತ್ತು. ಆ ಕೋಣೆಯಿಂದ ನನಗೆ ಆಗಬೇಕಾದದ್ದು ಏನೂ ಇರಲಿಲ್ಲ. ಬೇಕಾಗಿದ್ದದ್ದು ‘ಇನ್‌ಚಾರ್ಜ್’ ಎಂಬ ಮಾತು. ತಂಗಿ ಆಗ ಉಡುಪಿಯಲ್ಲಿ ಡಿಗ್ರಿ ಓದುತ್ತಿದ್ದಳು.

ಧಣಿ ನನ್ನೊಡನೆ ತುಳುವಿನಲ್ಲೇ ಮಾತಾಡುತ್ತಿದ್ದರು, ಅವನೊಡನೆ ಕನ್ನಡದಲ್ಲಿ. ಆ ದಿನ ಇಬ್ಬರೂ ಇದ್ದುದರಿಂದ ಕನ್ನಡದಲ್ಲೇ ಹೇಳಿದರು. “ನಿಟ್ಟೆಯಲ್ಲಿ ಜನ ಸೇರಬೇಕಾದರೆ ಆಡುವವನು ಬೇಕು. ಮೆಷಿನ್ ಕೆಟ್ಟರೆ ಬೇರೆ ಜನ ಕಳಿಸಬಹುದು. ಭಾನುವಾರ ನಿಟ್ಟೆಯ ಹುಡುಗರು ನಾಲ್ಕು ಮಂದಿ ಬರ್ತಾರೆ. ಅವರು ನೋಡಲಿ, ನೀವು ಇಬ್ಬರೂ ನಿಮ್ಮೊಳಗೆ ಆಡಿ. ಗೆದ್ದವ ಹೋಗಲಿ. ನನ್ನದು ಯಾರ ಪಕ್ಷವೂ ಇಲ್ಲ, ಆಯ್ತಾ?”

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಿಂತೆವು. ಅವನು ಉದ್ದ ಕಾಲಿನವನೊಬ್ಬನನ್ನು ಆರಿಸಿದ. ನಾನು ಅಜ್ಜನನ್ನು.

ಮೊದಲ ರೌಂಡಿನಲ್ಲಿ ನಾನು ಎಂದಿನಂತೆ ದೂರ ನಿಂತೆ. ಅವನೂ ನಿಂತ. ಅಜ್ಜನ ಆಟವೆಲ್ಲ ನಿಂತಿರುವುದು ಎದುರಿನವನ ಅವಸರದ ಮೇಲೆ. ಅದನ್ನು ಕಲಿಸಿದವನಿಗೇ ಅವಸರ ಎಲ್ಲಿಂದ ಬರಬೇಕು? ಒಂದು ಉದ್ದ ಒದೆತ ನನಗೆ ತಾಗಿತು. ಅಷ್ಟೇ, ಆಮೇಲೆ ಅವನು ಕುಳಿತುಬಿಟ್ಟ. ಸಮಯ ಓಡಿತು. ಈಗ ಹೋಗಬೇಕಾದವನು ನಾನು. ಹೋದೆ, ತಿಂದೆ. ಪುನಃ ಹೋದೆ, ಪುನಃ ತಿಂದೆ. ನಾನು ಎರಡು ವರ್ಷ ಹುಡುಗರಿಗೆ ಮಾಡಿದ್ದನ್ನೆಲ್ಲ ಅವನು ನನಗೆ ಮಾಡಿ ತೋರಿಸಿದ. ರೌಂಡು ಅವನದಾದಾಗ ಅವನ ಜೀವದ ಪಟ್ಟಿ ಸ್ವಲ್ಪವೂ ಕುಂದಿರಲಿಲ್ಲ.

ನಿಟ್ಟೆಯ ಹುಡುಗರು ನಕ್ಕರು. ಧಣಿಯೂ ನಕ್ಕು ತುಳುವಿನಲ್ಲಿ ನನಗೆ ಮಾತ್ರ ಎಂಬಂತೆ, ನಿನ್ನ ಮುದುಕನಿಗೆ ಗುಂಡಿ ತೋಡುವುದೊಂದೇ ಬಾಕಿ ಎಂದರು. ನನ್ನ ಕಿವಿ ಕಾಯಿತು. ತುಳು ಅವನಿಗೆ ಅರ್ಥವಾಗದು. ಆದರೆ ನನ್ನ ಮುಖ ಅವನು ನೋಡಿದ. ಮುಖ ನೋಡಬೇಕೆಂದು ನನಗೆ ಹೇಳಿಕೊಟ್ಟವನಲ್ಲವೇ.

ಎರಡನೆಯ ರೌಂಡು ಶುರುವಾಯಿತು. ಅವನು ಕೈ ಇಳಿಸಿ ನಿಂತ.

ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಪಾರ್ಲರಿನ ಪದ್ಧತಿ. ಅಷ್ಟು ದೊಡ್ಡ ಪಂದ್ಯದಲ್ಲಿ, ಹೆಂಡತಿ ಮಗಳು ಬರುವ ಕೋಣೆ ಪಣಕ್ಕಿರುವಾಗ, ಅವನು ನನ್ನ ಮರ್ಯಾದೆಗೆಂದು ಒಂದು ರೌಂಡು ಬಿಟ್ಟ. ನಾನು ಹೊಡೆದೆ. ಗಿಡ್ಡ ಒದೆತ, ಕೋಲು, ಗಿಡ್ಡ ಒದೆತ. ನೀಲಿ ಪಟ್ಟಿ ಮೇಲೆ ಮೇಲೆ ಏರಿ ತುಂಬಿ ಹೊಳೆಯತೊಡಗಿತು. ಅವನಿಗೆ ಇನ್ನೊಂದು ಹೊಡೆತದ ಜೀವ ಉಳಿದಾಗ ಅವನು ಸುಮ್ಮನೆ ಹಿಂದೆ ಸರಿದು ನಿಂತು ಕಾದ. ನಾನು ಪವರ್ ಚೆಲ್ಲಲಿ ಎಂದು ಕಾದ.

ಸಮಯ ಬೇಕಾದಷ್ಟಿತ್ತು. ಎರಡು ಬಟನ್ ಒಟ್ಟಿಗೆ ಒತ್ತಿದರೆ ಆಯಿತು. ಧಣಿಗೆ ಈ ಪದ್ಧತಿ ಗೊತ್ತಿರಲಿಲ್ಲ, ಅವರು ಆಡುತ್ತಿರಲಿಲ್ಲ. ನಿಟ್ಟೆಯ ಹುಡುಗರು ಹೊಸಬರು. ಅಲ್ಲಿ ಅದು ಗೊತ್ತಿದ್ದವರು ನಾವಿಬ್ಬರೇ.

ನಾನು ಮುಂದೆ ಹೋಗಿ ಗಿಡ್ಡ ಒದೆತ ಒದ್ದು ರೌಂಡು ಮುಗಿಸಿದೆ.

ಅವನು ಒಮ್ಮೆ ನನ್ನ ಕಡೆ ನೋಡಿದ. ಬೈಯಲಿಲ್ಲ. ಆಟ ನಿಲ್ಲಿಸಿ ಧಣಿಗೆ ಹೇಳಬಹುದಿತ್ತು, ಹೇಳಲಿಲ್ಲ. ಮೂರನೆಯದನ್ನು ಮೊದಲನೆಯದರಷ್ಟೇ ಚೆನ್ನಾಗಿ ಆಡಿದ. ಅರ್ಧ ಸಮಯಕ್ಕೆ ನನ್ನ ಜೀವ ಕಾಲುಭಾಗವೂ ಇರಲಿಲ್ಲ. ಆಗ ಒಂದೇ ಒಂದು ಸಲ ಅವನು ಹತ್ತಿರ ಬಂದ, ನನ್ನ ಕೋಲು ತಾಗಿತು, ಬಿದ್ದ. ಅವನು ಏಳುವಾಗ ಏನು ಮಾಡುತ್ತಾನೆಂದು ಅವನೇ ನನಗೆ ಹೇಳಿದ್ದ. ಹಿಂದಕ್ಕೆ ಜಿಗಿದ. ಅವನು ಗಾಳಿಯಲ್ಲಿರುವಾಗ ನಾನು ಎರಡು ಬಟನ್ ಒಟ್ಟಿಗೆ ಒತ್ತಿದೆ. ಪರದೆ ಬೆಳ್ಳಗಾಯಿತು. ಅವನ ಅಷ್ಟು ಜೀವ ಒಂದೇ ಹೊಡೆತಕ್ಕೆ ಇಳಿಯಿತು. ಉಳಿದದ್ದಕ್ಕೆ ಒಂದು ಗಿಡ್ಡ ಒದೆತ ಸಾಕಾಯಿತು.

ಹುಡುಗರು ಬೊಬ್ಬೆ ಹಾಕಿದರು. ಧಣಿ ನನ್ನ ಬೆನ್ನು ತಟ್ಟಿ, ನಾಡಿದ್ದಿನಿಂದ ನಿಟ್ಟೆ ಎಂದರು.

ಎಲ್ಲ ಚಾ ಕುಡಿಯಲು ಹೊರಗೆ ಹೋದ ಮೇಲೆ ಅವನು ಜಾಯ್‌ಸ್ಟಿಕ್ಕಿನ ಬೆವರು ಒರೆಸುತ್ತಿದ್ದ.

“ಪವರ್ ಚೆಲ್ಲಲಿಲ್ಲಲ್ಲೋ ಮಾಸ್ತರ.”

“ಮರೆತೇ ಹೋಯಿತು ಮಾರಾಯ,” ಎಂದೆ.

“ಹೌದು ಬಿಡು,” ಎಂದ. “ಗಡಿಬಿಡ್ಯಾಗ ಮರತ ಹೊಕ್ಕೈತಿ.”

ಅವನು ನಂಬಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಎರಡನೆಯ ಸಲವೂ ಅವನು ನನ್ನ ಮುಖ ಉಳಿಸಿದ.

ನಿಟ್ಟೆಯಲ್ಲಿ ನಾಲ್ಕು ವರ್ಷ ಇನ್‌ಚಾರ್ಜ್ ಆಗಿದ್ದೆ. ಚೆನ್ನಾಗಿ ನಡೆಸಿದೆ, ಅದರ ಬಗ್ಗೆ ನನಗೆ ಸಂಕೋಚವಿಲ್ಲ. ಹಿಂದಿನ ಕೋಣೆಯಲ್ಲಿ ನಾನು ಒಂದು ರಾತ್ರಿಯೂ ಮಲಗಲಿಲ್ಲ. ಕೊನೆಯ ಬಸ್ಸು ಹಿಡಿದು ಮನೆಗೆ ಹೋಗುತ್ತಿದ್ದೆ, ತಪ್ಪಿದರೆ ಅಂಗಡಿಯ ಬೆಂಚಿನ ಮೇಲೆ ಮಲಗುತ್ತಿದ್ದೆ. ಕೋಣೆಯಲ್ಲಿ ಕೆಟ್ಟ ಮಾನಿಟರುಗಳನ್ನು ಪೇರಿಸಿದೆ. ಅಡುಗೆ ಕಟ್ಟೆಯ ಮೇಲೆ ವಯರಿನ ಸುರುಳಿ. ಕೊಟ್ಟುಬಿಡಬಹುದಿತ್ತಲ್ಲ, ನೀನೇ ಬಂದು ಇರು, ನಾನು ಹೇಗೂ ಬಸ್ಸಿನಲ್ಲಿ ಹೋಗುವವನು ಎಂದು? ಹೇಳಿದರೆ ಮರೆತದ್ದಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಆ ಒಂದು ಕಾರಣಕ್ಕೆ ಕೋಣೆಗೆ ಬೀಗ ಹಾಕಿಟ್ಟೆ.

ಅವನು ಆರು ತಿಂಗಳಲ್ಲಿ ಪಾರ್ಲರ್ ಬಿಟ್ಟು ಪುನಃ ಸೆಂಟ್ರಿಂಗಿಗೆ ಹೋದನೆಂದು ಕೇಳಿದೆ. ಆ ಮೊಣಕಾಲು ಇಟ್ಟುಕೊಂಡು. ನಾನು ವಿಚಾರಿಸಲು ಹೋಗಲಿಲ್ಲ. ನಿಟ್ಟೆಯಲ್ಲಿ ನಾನೂ ಹುಡುಗರಿಗೆ ರೌಂಡು ಬಿಡುತ್ತಿದ್ದೆ. ಪವರ್ ಚೆಲ್ಲುವ ಮಾತನ್ನು ಮಾತ್ರ ಯಾರಿಗೂ ಹೇಳಿಕೊಡಲಿಲ್ಲ.

ಹಾಸ್ಟೆಲಿಗೆಲ್ಲ ಕಂಪ್ಯೂಟರ್ ಬಂದ ಮೇಲೆ ಪಾರ್ಲರ್ ಮುಚ್ಚಿತು. ನಾನು ಕಾರ್ಕಳದಲ್ಲಿ ಮೊಬೈಲ್ ರಿಪೇರಿ ಅಂಗಡಿ ಹಾಕಿದೆ. 2009ರ ಒಂದು ಮಧ್ಯಾಹ್ನ ಕೌಂಟರಿನ ಆಚೆಯಿಂದ ಕೇಳಿಸಿತು:

“ಮಾಸ್ತರ, ಅಜ್ಜ ಹೆಂಗದಾನ?”

ಕೂದಲು ಸ್ವಲ್ಪ ಹಣ್ಣಾಗಿತ್ತು. ಪಕ್ಕದಲ್ಲಿ ಹೆಂಡತಿ. ಒಂದು ಕಾಲು ನೆಟ್ಟಗೆ ಚಾಚಿಯೇ ಸ್ಟೂಲಿನ ಮೇಲೆ ಕುಳಿತ. ಕಾರ್ಕಳದಲ್ಲಿ ಯಾವುದೋ ಕಟ್ಟಡದ ಕೆಲಸಕ್ಕೆ ಬಂದಿದ್ದರಂತೆ. ಹೆಂಡತಿಯ ಫೋನು ನೀರಿಗೆ ಬಿದ್ದಿತ್ತು.

“ನೀವು ಕುಳಿತುಕೊಳ್ಳಿ, ಈಗಲೇ ನೋಡ್ತೇನೆ,” ಎಂದೆ. ಕುಳಿತವನಿಗೇ ಕುಳಿತುಕೊಳ್ಳಿ ಎಂದಿದ್ದೆ.

“ಏನಲೇ ಇದು, ನೀವು ಅಂತೀ?” ಎಂದು ಹೆಂಡತಿಯ ಕಡೆ ತಿರುಗಿದ. “ನೋಡs, ನಾ ಹೇಳ್ತಿದ್ದೆನಲ್ಲ ಮಾಸ್ತರ ಅಂತ, ಇಂವನs. ಭಾರಿ ಶ್ಯಾಣ್ಯಾ.”

ಆಕೆ ನನಗೆ ಕೈ ಮುಗಿದರು. ನನ್ನ ಬಗ್ಗೆ ಏನು ಹೇಳಿದ್ದನೋ, ಒಳ್ಳೆಯದನ್ನೇ ಹೇಳಿರಬೇಕು. ನಾನು ತಲೆಯೆತ್ತದೆ ಫೋನು ಬಿಚ್ಚಿದೆ, ಬೋರ್ಡು ತೊಳೆದೆ, ಒಣಗಿಸಿದೆ. ಮಗಳ ಬಗ್ಗೆ ಕೇಳಿದೆ. ಊರಲ್ಲೇ ಅಜ್ಜಿಯ ಹತ್ತಿರ ಬೆಳೆದಳು, ಈಗ ನಾಲ್ಕನೇತ್ತ ಎಂದ. ಒಂದು ಗಂಟೆಯಲ್ಲಿ ಫೋನು ಸರಿಯಾಯಿತು. ಆ ಒಂದು ಗಂಟೆಯೂ ಹೇಳಬೇಕಾದ ಮಾತು ಬಾಯಲ್ಲಿತ್ತು. ಆಕೆಯ ಎದುರು ಹೇಗೆ ಹೇಳುವುದೆಂಬ ನೆಪ ಸಿಕ್ಕಿತು.

ಎಷ್ಟಾಯಿತು ಎಂದು ಕೇಳಿದಾಗ, “ನಿಮ್ಮ ಹತ್ತಿರ ಎಂತದ್ದು ತೆಗೆದುಕೊಳ್ಳುವುದು, ಬೇಡ,” ಎಂದೆ.

ಅವನು ನೋಟನ್ನು ಕೌಂಟರಿನ ಮೇಲಿಟ್ಟು, ಗಾಜಿನ ಮೇಲೆ ಅಂಗೈಯಿಂದ ಒತ್ತಿ, ನಗುತ್ತಲೇ ಹೇಳಿದ: “ಬ್ಯಾಡೋ ಮಾಸ್ತರ. ನನಗ ರೌಂಡ್ ಬಿಡಬ್ಯಾಡ.”

ಹೆಂಡತಿಯ ಭುಜ ಹಿಡಿದು ಮೆಟ್ಟಿಲಿಳಿದು ಹೋದ. ಮರೆತದ್ದಲ್ಲ, ಬೇಕೆಂದೇ ಮಾಡಿದೆ ಎಂಬ ನಾಲ್ಕು ಮಾತು ಅಂದೂ ನನ್ನಿಂದ ಹೊರಡಲಿಲ್ಲ. ಆಮೇಲೆ ಅವನನ್ನು ನಾನು ಕಂಡಿಲ್ಲ. ಈಗ ಇಲ್ಲಿ ಬರೆದಿದ್ದೇನೆ. ಓದಲು ಅವನಿಗೆ ಸಿಕ್ಕೀತೆಂಬ ನಂಬಿಕೆಯಿಲ್ಲ.

ಈಗ ನನ್ನಲ್ಲಿ ಇರುವುದು: ಕಾರ್ಕಳದಲ್ಲಿ ಒಂದು ಅಂಗಡಿ, ಒಳಗೆ ಎರಡು ಮೇಜು, ಕೆಲಸಕ್ಕೆ ಒಬ್ಬ. ಕಾಪುವಿನಲ್ಲಿ ನಾಲ್ಕು ಕೋಣೆಯ ಮನೆ, ಒಂದು ಬಾವಿ. ಒಂದು ಬೈಕು. ಹೆಂಡತಿ, ಇಬ್ಬರು ಗಂಡುಮಕ್ಕಳು. ಹಳೆಯ ಮೆಷಿನ್‌ನಿಂದ ಬಿಚ್ಚಿಟ್ಟ ಒಂದು ಜಾಯ್‌ಸ್ಟಿಕ್ ಮತ್ತು ಆರು ಬಟನ್. ನಿಟ್ಟೆಯ ಆ ಕೋಣೆಯ ಬೀಗದ ಕೈ, ಒಂದು.